ಮೇಜಿನ ಕೆಳಗಿನ ಮೋಟಾರು

ಅಮೆರಿಕದ ಗ್ಯಾರೇಜುಗಳಲ್ಲಿ ಕಾರು ಮಾತ್ರ ಇರುತ್ತದೆಂದು ನಂಬಿದವರು ನಮ್ಮ ಕನ್ನಡ ಕೂಟದ ಹಿರಿಯ ಸದಸ್ಯರ ಮನೆಗಳಿಗೆ ಒಮ್ಮೆ ಹೋಗಿಬರಬೇಕು. ಮಕ್ಕಳು ಕಾಲೇಜಿಗೆಂದು ಹೊರಟು ಮನೆ ಬಿಕೋ ಎನ್ನತೊಡಗಿದ ಮೇಲೆ ಕೆಲವರು ಅಲ್ಲಿ ಟ್ರೆಡ್‌ಮಿಲ್ ತಂದಿಟ್ಟರು, ಕೆಲವರು ಎಣ್ಣೆ ವಾಸನೆ ಒಳಗೆ ಬರಬಾರದೆಂದು ಬೋಂಡ ಕರಿಯುವ ಒಲೆ ಹೂಡಿದರು. ನಾನು ಮರಗೆಲಸ ಹಿಡಿದೆ. ಯಾರ ಮನೆಯ ಗೃಹಪ್ರವೇಶವಾದರೂ ದೇವರ ಮಂಟಪದ ಮಾತು ಬಂದೇ ಬರುತ್ತದೆ. ಅಂಗಡಿಯಲ್ಲಿ ಸಿಗುವುದು ಒಂದೋ ಗೋಡೆಯಷ್ಟು ದೊಡ್ಡದು, ಇಲ್ಲವೇ ಮರದ ಪುಡಿಯ ಹಲಗೆಗೆ ಮರದ ಬಣ್ಣದ ಕಾಗದ ಅಂಟಿಸಿದ್ದು. ಹೀಗಾಗಿ ಚೆರ್ರಿ, ವಾಲ್ನಟ್ ಮರದಲ್ಲಿ ಪುಟ್ಟ ಮಂಟಪ ಮಾಡಿಕೊಡುವ ಚಾಳಿ ನನಗೆ ಅಂಟಿಕೊಂಡಿತು. ಮಂಟಪವೆಂದರೆ ಬಾಗಿಲು, ಬಾಗಿಲೆಂದರೆ ಅಂಚಿನ ಅಲಂಕಾರ, ಅಂಚೆಂದರೆ ರೌಟರ್.

ಈ ರೌಟರ್ ವೈಫೈ ಡಬ್ಬಿಯಲ್ಲ. ಲಂಬವಾಗಿ ತಿರುಗುವ ಮೋಟಾರಿನ ತುದಿಗೆ ಹರಿತವಾದ ಬಿಟ್ ಸಿಕ್ಕಿಸಿ ಮರದ ಅಂಚು ಕೊರೆಯುವ, ಕಾಲುವೆ ತೋಡುವ ಯಂತ್ರ. ಊರಿನಲ್ಲಿ ಆಚಾರ್ರು ಬಾಗಿಲಿನ ಅಂಚಿಗೆ ವಿಶೇಷ ಹತ್ತರಿಗಳನ್ನಿಟ್ಟು ಅರ್ಧ ದಿನ ಹೊಡೆಯುತ್ತಿದ್ದ ಕೆಲಸವನ್ನು ಇದು ಐದು ನಿಮಿಷದಲ್ಲಿ ಮುಗಿಸುತ್ತದೆ, ಸದ್ದು ಮಾತ್ರ ನೆರೆಮನೆಯವರಿಗೂ ಪಾಲು. ಇದರ ಹುಟ್ಟಿನ ಕತೆಯಲ್ಲಿ ನ್ಯೂಯಾರ್ಕ್ ರಾಜ್ಯದ ಆರ್. ಎಲ್. ಕಾರ್ಟರ್ ಅವರ ಹೆಸರು ಬರುತ್ತದೆ. ಮೊದಲನೇ ಮಹಾಯುದ್ಧದ ಹೊತ್ತಿನಲ್ಲಿ ಕ್ಷೌರದಂಗಡಿಯ ವಿದ್ಯುತ್ ಕ್ಲಿಪ್ಪರಿನ ವರ್ಮ್ ಗೇರನ್ನೇ ಅರೆದು ಬಿಟ್ ಮಾಡಿ, ಮೋಟಾರಿಗೆ ಸಿಕ್ಕಿಸಿದರು ಎಂಬ ಮಾತಿದೆ. 1929ರಲ್ಲಿ ಸ್ಟ್ಯಾನ್ಲಿ ಕಂಪನಿ ಅವರ ವಹಿವಾಟನ್ನು ಕೊಂಡುಕೊಂಡಿತು.

ಕೈಯಲ್ಲಿ ಹಿಡಿದು ಮರದ ಮೇಲೆ ಓಡಿಸುವ ಇದೇ ರೌಟರನ್ನು ತಲೆಕೆಳಗಾಗಿಸಿ ಮೇಜಿನ ಅಡಿಗೆ ತೂಗುಹಾಕಿದರೆ ಅದು ರೌಟರ್ ಟೇಬಲ್. ಆಗ ಯಂತ್ರ ನಿಂತಲ್ಲೇ ನಿಲ್ಲುತ್ತದೆ, ಮರ ಓಡಾಡುತ್ತದೆ. ಬೆರಳಗಲದ ಪಟ್ಟಿಗಳಿಗೆ, ಮಂಟಪದ ಬಾಗಿಲಿನಂಥ ಸಣ್ಣ ಕೆಲಸಕ್ಕೆ ಇದೇ ಸರಿ. ತಾಪತ್ರಯ ಶುರುವಾಗುವುದು ಬಿಟ್ಟಿನ ಎತ್ತರ ಹೊಂದಿಸುವಾಗ. ಮೋಟಾರನ್ನು ಹಿಡಿದಿರುವ ಬೇಸಿನ ತಿರುಪು ಸಡಿಲಿಸಿದ ಕೂಡಲೇ ನಾಲ್ಕೈದು ಕಿಲೋ ತೂಕದ ಮೋಟಾರು ಕೈಗೆ ಜಾರುತ್ತದೆ. ಮೊಣಕಾಲೂರಿ, ಕತ್ತು ಹೊರಳಿಸಿ, ಒಂದು ಕೈಯಲ್ಲಿ ಅದನ್ನು ತಾಳಿ, ಇನ್ನೊಂದರಲ್ಲಿ ತಿರುಪು ಬಿಗಿಯುವಷ್ಟರಲ್ಲಿ ಕೂದಲೆಳೆಯಷ್ಟು ಇಳಿದಿರುತ್ತದೆ. ನಲವತ್ತರ ವಯಸ್ಸಿಗೆ ಇದೊಂದು ಕಸರತ್ತು, ಐವತ್ತೈದಕ್ಕೆ ಶಿಕ್ಷೆ.

ಅದಕ್ಕೇ ಲಿಫ್ಟ್. ಮೇಜಿನಲ್ಲಿ ಕೂರುವ ದಪ್ಪ ಅಲ್ಯೂಮಿನಿಯಂ ಪ್ಲೇಟು, ಅದರಡಿ ಎರಡು ಅಥವಾ ನಾಲ್ಕು ಉಕ್ಕಿನ ಕಂಬ, ಕಂಬಗಳ ಮೇಲೆ ಜಾರುವ ಒಂದು ಗಾಡಿ, ಗಾಡಿಯಲ್ಲಿ ಬಿಗಿದು ಕೂತ ಮೋಟಾರು. ಮೇಲಿಂದ ಒಂದು ಹಿಡಿ ತಿರುಗಿಸಿದರೆ ಉದ್ದನೆಯ ತಿರುಪು ಅದನ್ನು ಏರಿಸಿ ಇಳಿಸುತ್ತದೆ. ಅಷ್ಟೇ. ನಮ್ಮ ಯಜಮಾನರು ಕ್ಯಾಟಲಾಗಿನ ಚಿತ್ರ ನೋಡಿ, "ಏನೇ, ನಾನೂರು ಡಾಲರ್ ಕೊಟ್ಟು ಒಂದು ಸ್ಕ್ರೂ ತಗೋತೀಯಾ?" ಎಂದಿದ್ದರು. "ಸ್ಕ್ರೂ ಅಲ್ಲ ರೀ, ಮೊಣಕಾಲು" ಎಂದೆ. ಅವರ ಮಾತಿನಲ್ಲೂ ಹುರುಳಿತ್ತೆನ್ನಿ. ಒಳ್ಳೆಯ ಲಿಫ್ಟಿಗೆ ಈಗ 300ರಿಂದ 500 ಡಾಲರ್ ಬೀಳುತ್ತದೆ, ಮೋಟಾರಿನ ದುಡ್ಡು ಬೇರೆ.

ಕೊಳ್ಳಹೊರಟವರು ಲಿಫ್ಟಿಗಿಂತ ಮೊದಲು ತಮ್ಮ ಮೋಟಾರನ್ನು ನೋಡಬೇಕು. ಸಾಮಾನ್ಯ ಲಿಫ್ಟಿನ ಹಿಡಿತಕ್ಕೆ ಹೊಂದುವುದು ಬೇಸಿನಿಂದ ಕಳಚಿ ಬರುವ ದುಂಡನೆಯ ಮೋಟಾರು ಮಾತ್ರ. ಬಾಷ್ 1617ರಂಥ ಮಧ್ಯಮ ಗಾತ್ರದವುಗಳ ವ್ಯಾಸ 3½ ಅಂಗುಲ, ಪೋರ್ಟರ್ ಕೇಬಲ್ 7518ರಂಥ ದೊಡ್ಡವುಗಳದು 4.2 ಅಂಗುಲ. ದೊಡ್ಡದಕ್ಕೆಂದು ಮಾಡಿದ ಲಿಫ್ಟಿನೊಳಗೆ ಬಳೆಯಂಥ ಅಡಾಪ್ಟರ್ ಇಟ್ಟು ಚಿಕ್ಕದನ್ನು ಕೂರಿಸಬಹುದು, ಚಿಕ್ಕದರಲ್ಲಿ ದೊಡ್ಡದು ಹಿಡಿಸುವುದಿಲ್ಲ. ಮುಂದೆ ದೊಡ್ಡ ಮೋಟಾರು ಕೊಳ್ಳುವ ಆಸೆ ಇದ್ದವರು ಈಗಲೇ ದೊಡ್ಡ ಲಿಫ್ಟ್ ಕೊಳ್ಳುವುದು ಮೇಲು. ಅಂದಹಾಗೆ ದೊಡ್ಡವುಗಳ ಮೇಲೆ 3¼ ಅಶ್ವಶಕ್ತಿ ಎಂದು ಬರೆದಿರುತ್ತದೆ. ನಮ್ಮ ಗ್ಯಾರೇಜಿನ ಸಾಕೆಟ್ಟು ಕೊಡುವುದು 120 ವೋಲ್ಟ್, 15 ಆಂಪಿಯರ್, ಗುಣಿಸಿದರೆ 1,800 ವಾಟ್. ಒಂದು ಅಶ್ವಶಕ್ತಿಗೆ 746 ವಾಟಿನ ಲೆಕ್ಕದಲ್ಲಿ ಎರಡೂವರೆ ಕುದುರೆಯೂ ಆಗುವುದಿಲ್ಲ. ಉಳಿದ ಮುಕ್ಕಾಲು ಕುದುರೆಯನ್ನು ಜಾಹೀರಾತಿನವರು ಸಾಕಿಕೊಂಡಿದ್ದಾರೆ.

ಆದರೂ ದೊಡ್ಡ ಮೋಟಾರು ಬೇಕಾಗುವ ಕೆಲಸಗಳಿವೆ. ನಡುವೆ ಉಬ್ಬಿದ ಬಾಗಿಲ ಹಲಗೆ ಮಾಡುವ ಬಿಟ್ಟಿನ ವ್ಯಾಸ 3½ ಅಂಗುಲದವರೆಗೂ ಇರುತ್ತದೆ. ಅದನ್ನು ನಿಮಿಷಕ್ಕೆ 22,000 ಸುತ್ತು ತಿರುಗಿಸಿದರೆ ಅದರ ಅಂಚು ಗಂಟೆಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಇದನ್ನು ನೆನೆಸಿಕೊಂಡರೆ ಎದೆ ಝಲ್ಲೆನ್ನಬೇಕು. ಅಂಥ ಬಿಟ್ಟಿಗೆ ವೇಗವನ್ನು 10,000ದ ಆಸುಪಾಸಿಗೆ ಇಳಿಸಲೇಬೇಕು. ಆದ್ದರಿಂದ ವೇಗ ಬದಲಿಸಲಾಗದ ಮೋಟಾರನ್ನು ಮೇಜಿನಡಿ ಕಟ್ಟುವ ಯೋಚನೆಯೇ ಬೇಡ.

ಆಮೇಲಿನ ಮಾತು ಪ್ಲೇಟಿನದು. 9¼ × 11¾ ಅಂಗುಲ ಇಲ್ಲಿ ಹೆಚ್ಚು ರೂಢಿಯಲ್ಲಿರುವ ಅಳತೆ, 8¼ × 11¾ರ ಇನ್ನೊಂದು ಪಂಗಡವೂ ಉಂಟು. ಮೇಜಿನ ಕಿಂಡಿ ಒಂದು ಪಂಗಡದ್ದು, ಪ್ಲೇಟು ಇನ್ನೊಂದರದ್ದು ಆದರೆ ಸಂಬಂಧ ಕೂಡಿಬರುವುದಿಲ್ಲ. ಪ್ಲೇಟು ಸಮತಟ್ಟಾಗಿದೆಯೇ ಎಂದು ಉಕ್ಕಿನ ಅಳತೆಪಟ್ಟಿ ಅಡ್ಡವಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು ನೋಡಿ. ನಡುವೆ ಕೂದಲೆಳೆಯಷ್ಟು ಉಬ್ಬಿದ್ದರೆ ಸಹಿಸಬಹುದು. ತಗ್ಗಿದ್ದರೆ ಮಾತ್ರ ವಾಪಸ್ ಕಳಿಸಿ, ಯಾಕೆಂದರೆ ಮರ ಆ ತಗ್ಗಿನ ಮೇಲೆ ಸೇತುವೆಯಂತೆ ಹಾದುಹೋಗುತ್ತದೆ, ಬಿಟ್ಟಿನ ಕೊರೆತದ ಆಳ ಅಲ್ಲಿ ಕಡಿಮೆಯಾಗುತ್ತದೆ.

ಹೆಸರುಗಳ ಮಾತಿಗೆ ಬಂದರೆ ಕೆನಡಾದ ಜೆಸ್ಸೆಮ್, ಒಹಾಯೋದ ವುಡ್‌ಪೆಕರ್ಸ್, ಅಯೋವಾದ ಕ್ರೆಗ್, ಟೆಕ್ಸಾಸಿನ ಇನ್ಕ್ರಾ, ಇವೆಲ್ಲ ಮರಗೆಲಸದವರ ಬಾಯಲ್ಲಿ ದಿನವೂ ಓಡಾಡುವಂಥವು. ಇನ್ಕ್ರಾ ತನ್ನ ಲಿಫ್ಟನ್ನು ಜೆಸ್ಸೆಮ್‌ನಿಂದಲೇ ಮಾಡಿಸಿಕೊಳ್ಳುತ್ತದೆ, ಆದ್ದರಿಂದ ಆ ಎರಡರ ನಡುವೆ ಜಗಳ ಕಾಯುವುದು ದಂಡ. ಇವುಗಳ ಗುಣಕತೆ ಹೇಳುವವರು ಒಂದು ಸುತ್ತಿಗೆ ಎಷ್ಟು ಏರುತ್ತದೆ ಎಂಬುದನ್ನೇ ಮೊದಲು ಹೇಳುತ್ತಾರೆ. ತಿರುಪಿನಲ್ಲಿ ಅಂಗುಲಕ್ಕೆ 16 ಸುತ್ತಿದ್ದರೆ ಒಂದು ಸುತ್ತಿಗೆ 1/16 ಅಂಗುಲ, 32 ಇದ್ದರೆ 1/32. ಊರಿನ ಬಡಗಿಗಳ ಲೆಕ್ಕದಲ್ಲಿ ಎರಡನೆಯದು ಒಂದು ನೂಲಿನ ಕಾಲು ಭಾಗ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೀಗ. ಏರಿಸುವುದನ್ನು ಯಾವ ಅಗ್ಗದ ತಿರುಪೂ ಮಾಡುತ್ತದೆ. ಏರಿಸಿದ್ದು ಅಲ್ಲೇ ನಿಲ್ಲುವುದಕ್ಕೇ ನಾವು ದುಡ್ಡು ಕೊಡುವುದು. ಮೋಟಾರಿನ ನಡುಕಕ್ಕೆ ತಿರುಪು ತಾನಾಗಿ ತಿರುಗುವುದುಂಟು, ಅದನ್ನು ತಡೆಯಲು ಬೀಗ. ಕೆಲವು ಲಿಫ್ಟುಗಳಲ್ಲಿ ಬೀಗ ಬಿಗಿಯುವಾಗಲೇ ಗಾಡಿ ವಾಲಿ ಎತ್ತರ ಬದಲಾಗುತ್ತದೆ! ಪರೀಕ್ಷೆ ಸುಲಭ. ಬಿಟ್ಟಿನ ನೆತ್ತಿಗೆ ಡಯಲ್ ಗೇಜ್ ತಾಗಿಸಿ ಬೀಗ ಹಾಕಿ, ತೆಗೆಯಿರಿ. ಮುಳ್ಳು ಕದಲಿದರೆ ಆ ಲಿಫ್ಟಿನ ಮೇಲೆ ಕೆತ್ತಿದ, ಅಂಗುಲದ ಸಾವಿರದಲ್ಲೊಂದು ಭಾಗದ ಗೆರೆಗಳೆಲ್ಲ ಬರೀ ಅಲಂಕಾರ.

ಆ ಗೆರೆಗಳಿಗೆ ಬೆಲೆ ಬರುವುದು ಬಾಗಿಲಿನ ಚೌಕಟ್ಟು ಮಾಡುವಾಗ. ಇದಕ್ಕೆ ಜೋಡಿ ಬಿಟ್ಟುಗಳಿವೆ. ಒಂದು, ಪಟ್ಟಿಯ ಒಳಅಂಚಿಗೆ ಅಲಂಕಾರವನ್ನೂ ಹಲಗೆ ಕೂರುವ ಕಾಲುವೆಯನ್ನೂ ಒಟ್ಟಿಗೇ ಕೊರೆಯುತ್ತದೆ. ಇನ್ನೊಂದು, ಅಡ್ಡಪಟ್ಟಿಯ ತುದಿಯಲ್ಲಿ ಅದರ ತದ್ವಿರುದ್ಧ ಆಕಾರವನ್ನೂ ಕಾಲುವೆಗೆ ಹೊಗುವ ನಾಲಗೆಯನ್ನೂ ತೆಗೆಯುತ್ತದೆ. ಎರಡನೇ ಬಿಟ್ಟಿನ ಎತ್ತರ ಮೊದಲಿನದಕ್ಕೆ ಸರಿಯಾಗಿ ತಾಳೆಯಾಗಬೇಕು. ಒಂದು ಚೂರು ಮರ ಕೊರೆದು, ಜೋಡಿಸಿ, ಕೂಡಿದ ಗೆರೆಯ ಮೇಲೆ ಅಡ್ಡಡ್ಡ ಉಗುರು ಎಳೆದರೆ ಕಣ್ಣಿಗೆ ಕಾಣದ ಮೆಟ್ಟಿಲು ಉಗುರಿಗೆ ಸಿಗುತ್ತದೆ. 32 ಸುತ್ತಿನ ತಿರುಪಾದರೆ ಕಾಲು ಸುತ್ತಿಗೆ ಸುಮಾರು 0.2 ಮಿಲಿಮೀಟರ್. ಕಾಲು ಸುತ್ತು ಏರಿಸಿ, ಇನ್ನೊಂದು ಚೂರು ಕೊರೆದು, ಮತ್ತೆ ಉಗುರು. ಇಳಿಸಬೇಕಾದರೆ ಬೇಕಾದ್ದಕ್ಕಿಂತ ಕೆಳಗೆ ಹೋಗಿ ಮತ್ತೆ ಮೇಲೆ ಬನ್ನಿ, ತಿರುಪಿನ ಸಡಿಲವನ್ನು ಹಾಗೆ ಹೀರಿಕೊಳ್ಳದಿದ್ದರೆ ಗೆರೆ ಹೇಳುವುದೊಂದು, ಬಿಟ್ಟು ನಿಲ್ಲುವುದೊಂದು. ಉಗುರು ಎಲ್ಲೂ ತಡೆಯದೆ ಜಾರಿದಾಗ ಆಗುವ ಸುಖವನ್ನು ಮರಗೆಲಸ ಮಾಡದವರಿಗೆ ವಿವರಿಸಲು ಹೋಗಿ ನಾನು ಕೈಬಿಟ್ಟಿದ್ದೇನೆ.

ಉಬ್ಬು ಹಲಗೆಯನ್ನೂ ಒಂದೇ ಸಲಕ್ಕೆ ಕೊರೆಯಬಾರದು. ಬಿಟ್ಟನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಮೂರು ನಾಲ್ಕು ಸಲ ಹಾಯಿಸಬೇಕು, ಕೊನೆಯದು ತೀರಾ ತೆಳುವಾಗಿ. ಚೆರ್ರಿ ಮರವಂತೂ ಒಂದು ಕ್ಷಣ ನಿಂತರೆ ಸಾಕು, ಸುಟ್ಟ ಕಲೆ ಮೂಡಿಬಿಡುತ್ತದೆ. ಮರವನ್ನು ತಳ್ಳುವುದು ಬಲದಿಂದ ಎಡಕ್ಕೆ, ಬಿಟ್ಟು ತಿರುಗುವುದಕ್ಕೆ ಎದುರಾಗಿ. ಬಿಟ್ಟಿಗೂ ಅದರ ಹಿಂದೆ ಮರಕ್ಕೆ ಆನಿಕೆಯಾಗಿ ನಿಲ್ಲುವ ಫೆನ್ಸಿಗೂ ನಡುವೆ ಮರ ತೂರಿಸುವ ಸಾಹಸ ಬೇಡ, ಅದು ಕೈಯಿಂದ ಕಿತ್ತುಕೊಂಡು ಹಾರುತ್ತದೆ, ಬೆರಳೂ ಅದರ ಹಿಂದೆಯೇ ಹೋಗುತ್ತದೆ. ನಮ್ಮ ಕೂಟದಲ್ಲಿ ಮೃದಂಗ, ವೀಣೆ ನುಡಿಸುವವರು ಬಹಳ ಮಂದಿ ಇದ್ದಾರೆಂದು ಈ ಮಾತು ಒತ್ತಿ ಹೇಳುತ್ತಿದ್ದೇನೆ. ಬಿಟ್ಟು ಬದಲಿಸುವ ಮುನ್ನ ಪ್ಲಗ್ ಕೀಳಿ. ಬಿಟ್ಟನ್ನು ಕಚ್ಚಿಹಿಡಿಯುವ ಕಾಲೆಟ್ಟನ್ನು ಮೇಜಿನ ಮೇಲ್ಮೈವರೆಗೂ ಏರಿಸುವ ಲಿಫ್ಟಾದರೆ ಬಿಟ್ಟನ್ನು ಮೇಲಿಂದಲೇ ಬದಲಿಸಬಹುದು, ಈ ಒಂದು ಸೌಕರ್ಯಕ್ಕೆ ನಾನು ನೂರು ಡಾಲರ್ ಹೆಚ್ಚು ಕೊಟ್ಟೇನು.

ಎಲ್ಲರಿಗೂ ಲಿಫ್ಟ್ ಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಟ್ರೈಟನ್ ಕಂಪನಿಯ ದೊಡ್ಡ ರೌಟರಿಗೆ ಎತ್ತರ ಹೊಂದಿಸುವ ಹಿಡಿ ಹುಟ್ಟಿನಿಂದಲೇ ಇದೆ. ಪ್ಲೇಟಿನಲ್ಲೊಂದು ತೂತು ಕೊರೆದರೆ ಮೇಲಿಂದ ಅದನ್ನು ತಿರುಗಿಸಬಹುದು. ಬಾಷ್ 1617ರ ಸ್ಥಿರ ಬೇಸಿನಲ್ಲೂ ಮೇಲಿಂದ ಸಣ್ಣ ಹೊಂದಾಣಿಕೆ ಮಾಡುವ ಏರ್ಪಾಡಿದೆ. ವರ್ಷಕ್ಕೆರಡು ಪಟಕ್ಕೆ ಚೌಕಟ್ಟು ಹಾಕುವವರಿಗೆ ಅಷ್ಟು ಧಾರಾಳ ಸಾಕು. ಅವರು ಉಳಿದ ದುಡ್ಡನ್ನು ಒಳ್ಳೆಯ ಬಿಟ್ಟುಗಳಿಗೆ, ದೂಳು ಎಳೆಯುವ ಯಂತ್ರಕ್ಕೆ ಹಾಕಲಿ. ತಲೆಕೆಳಗಾದ ಮೋಟಾರಿನ ಮೇಲೆ ಮರದ ಪುಡಿ ಸುರಿಯುತ್ತಲೇ ಇರುತ್ತದೆ, ಅದರ ಆಯುಷ್ಯ ಲಿಫ್ಟಿಗಿಂತ ದೂಳಿನ ಕೊಳವೆಯ ಮೇಲೆ ಹೆಚ್ಚು ನಿಂತಿದೆ.

ಆಯುಧಪೂಜೆ ಮಾಡುವವರಿಗೊಂದು ಮಾತು. ನಮ್ಮಲ್ಲಿ ಕಾರಿಗೆ ನಿಂಬೆಹಣ್ಣು ಇಟ್ಟ ಮೇಲೆ ಗ್ಯಾರೇಜಿನ ಸರದಿ. ಬೀಡುಕಬ್ಬಿಣದ ಮೇಜಿಗೆ ಒದ್ದೆ ಗಂಧ, ಅರಿಶಿನ ಕುಂಕುಮ ಹಚ್ಚಿದರೆ ಮರುದಿನಕ್ಕೆ ಅದೇ ಬೊಟ್ಟಿನ ಆಕಾರದಲ್ಲಿ ತುಕ್ಕು ಎದ್ದಿರುತ್ತದೆ. ನಾನು ಈಗ ಮರದ ಫೆನ್ಸಿಗೆ ಬೊಟ್ಟಿಟ್ಟು, ಮೇಜಿಗೆ ಒಣ ಹೂವು ಮಾತ್ರ ಇಡುತ್ತೇನೆ. ಲಿಫ್ಟಿನ ತಿರುಪಿಗೂ ಕಂಬಗಳಿಗೂ ಎಣ್ಣೆ ಸವರಬೇಡಿ, ಎಣ್ಣೆ ಪುಡಿಯನ್ನು ಕಚ್ಚಿಕೊಳ್ಳುತ್ತದೆ. ಒಣ ಮೇಣವೇ ವಾಸಿ.

ಇನ್ನು ಊರಿಗೆ ಮರಳುವ ಯೋಚನೆಯಲ್ಲಿರುವವರು ಕೂಟದಲ್ಲಿ ಪದೇ ಪದೇ ಕೇಳುವ ಪ್ರಶ್ನೆ: ಇದನ್ನೆಲ್ಲ ಮೈಸೂರಿಗೆ ಒಯ್ಯಬಹುದೇ? ಮೋಟಾರನ್ನು ಬೇಡ. 120 ವೋಲ್ಟಿನ ರೌಟರನ್ನು ಅಲ್ಲಿನ 230 ವೋಲ್ಟಿಗೆ ಸಿಕ್ಕಿಸಿದರೆ ಕ್ಷಣದಲ್ಲಿ ಹೊಗೆ. 1,800 ವಾಟ್ ತಡೆಯುವ ಟ್ರಾನ್ಸ್‌ಫಾರ್ಮರ್ ಹೊತ್ತು ಕೂರುವುದಕ್ಕಿಂತ ಮೋಟಾರನ್ನು ಇಲ್ಲೇ ಮಾರಿ. ಲಿಫ್ಟಿಗೆ ವಿದ್ಯುತ್ತಿನ ಹಂಗಿಲ್ಲ, ಹಳೆಯ ಟವೆಲ್ಲಿನಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಬಹುದು, ತೂಕದ ಮಿತಿಯಲ್ಲಿ ಉಪ್ಪಿನಕಾಯಿಯ ಬದಲಿಗೆ. ಆದರೆ ಹಾಕುವ ಮುಂಚೆ ಅಲ್ಲಿರುವ ಅಣ್ಣನಿಗೋ ಭಾವನಿಗೋ ಫೋನ್ ಮಾಡಿ, ಬೆಂಗಳೂರಿನ ಅಂಗಡಿಯಲ್ಲಿ 230 ವೋಲ್ಟಿನ ಯಾವ ರೌಟರ್ ಸಿಗುತ್ತದೆ, ಅದರ ಮೋಟಾರು ಬೇಸಿನಿಂದ ಕಳಚಿ ಬರುತ್ತದೆಯೇ, ವ್ಯಾಸ ಎಷ್ಟು ಎಂದು ಅಳೆಸಿಕೊಳ್ಳಿ. ಅಲ್ಲಿ ಚಾಲ್ತಿಯಲ್ಲಿರುವ ಎಷ್ಟೋ ರೌಟರುಗಳು ಬೇಸಿಗೇ ಅಂಟಿಕೊಂಡ ಪ್ಲಂಜ್ ಬಗೆಯವು, ಅವು ಇಲ್ಲಿನ ಸಾಮಾನ್ಯ ಲಿಫ್ಟಿನಲ್ಲಿ ಕೂರುವುದಿಲ್ಲ. ಅಳತೆ ಹೊಂದಿದರೆ ಒಯ್ಯಿರಿ. ಹೊಂದದಿದ್ದರೆ ಅದನ್ನೂ ಮೋಟಾರಿನ ಜೊತೆಗೇ ಮಾರಿಬಿಡಿ, ಕೊಳ್ಳಲು ನಮ್ಮ ಕೂಟದಲ್ಲೇ ಜನರಿದ್ದಾರೆ.