ಕ್ಷೇಮವಾರ್ತೆಯೂ ಮೌನವೂ

ಊರಿಂದೂರಿಗೆ ಬರೆಯುವ ಪತ್ರಗಳ ಮೊದಲಲ್ಲಿ 'ಉಭಯ ಕುಶಲೋಪರಿ' ಎಂದು ಬರೆಯುವ ವಾಡಿಕೆಯು ಧಾರವಾಡ ಸೀಮೆಯ ಮನೆಗಳಲ್ಲಿ ಬಹುಕಾಲ ನಡೆದುಬಂದಿತು. ಆ ಶಬ್ದಗಳಿಂದ ಹೊಸ ಸಂಗತಿಯೇನೂ ತಿಳಿಯುತ್ತಿರಲಿಲ್ಲ. ಆದರೂ ತಪ್ಪದೆ ಬರುವ ಪತ್ರವು ಒಮ್ಮೆ ಬಾರದೆ ಹೋದರೆ ಮನೆಯವರ ಮನಸ್ಸು ನಿಲ್ಲುತ್ತಿರಲಿಲ್ಲ. ಟಪಾಲಿನವನ ದಾರಿಯನ್ನು ನೋಡುವರು, ಆ ಕಡೆಗೆ ಹೋಗುವವರ ಕೂಡ ಹೇಳಿಕಳಿಸುವರು. ಅಂದ ಮೇಲೆ ಕ್ಷೇಮವಾರ್ತೆಯ ಬೆಲೆಯು ಬರೆದವನ ಶಬ್ದದಲ್ಲಿ ಎಷ್ಟಿರುವದೋ ಕಾದಿರುವವನ ಎಚ್ಚರದಲ್ಲಿಯೂ ಅಷ್ಟೇ ಇರುವದು. ಈ ವಾರ್ತೆಯನ್ನು ಹೇಳುವ ಕೆಲಸವನ್ನು ಮನುಷ್ಯನು ಈಗ ಯಂತ್ರಗಳಿಗೆ ಒಪ್ಪಿಸಿರುವದರಿಂದ, ಈ ಮಾತನ್ನು ತಿರುಗಿ ವಿಚಾರಿಸುವದು ಅವಶ್ಯವಾಗಿದೆ.

ಹಗಲಿರುಳು ನಡೆಯುವ ಸಣ್ಣ ಗಣಕಯಂತ್ರವೊಂದನ್ನು ಮನೆಯಲ್ಲಿಯೇ ಸರ್ವರಾಗಿ ಇಟ್ಟುಕೊಂಡು, ಅದರಲ್ಲಿ ಹೊಲದ ಕಾಗದಪತ್ರಗಳ ಪ್ರತಿಗಳನ್ನೂ ಹಿರಿಯರ ಛಾಯಾಚಿತ್ರಗಳನ್ನೂ ಕಾಯ್ದಿಡುವ ಕುಟುಂಬಗಳು ಈಗ ಉಂಟು. ಯಂತ್ರವು ನವಲಗುಂದದ ಮನೆಯಲ್ಲಿದ್ದು, ಅದನ್ನು ನೋಡಿಕೊಳ್ಳುವ ಮಗನು ಬೆಂಗಳೂರಿನಲ್ಲಿದ್ದರೆ, ಅದರ ಆರೋಗ್ಯವನ್ನು ಅದೇ ತಿಳಿಸಬೇಕಾಗುತ್ತದೆ. ಡಿಸ್ಕಿನ ಸ್ಥಿತಿಯೇನು, ಉಷ್ಣತೆಯೆಷ್ಟು, ಜಾಗವೆಷ್ಟು ಉಳಿದಿದೆ, ರಾತ್ರಿ ಪ್ರತಿ ತೆಗೆಯುವ ಕೆಲಸವು ಸಾಗಿತೋ ಇಲ್ಲವೋ ಎಂಬುದನ್ನೆಲ್ಲ ಅದು ನಿಯತ ವೇಳೆಗೆ ಇ-ಮೇಲಿನಿಂದ ಬರೆದು ಕಳಿಸುವದು. 'ಕೆಟ್ಟರೆ ಮಾತ್ರ ತಿಳಿಸು, ಇಲ್ಲವಾದರೆ ಸುಮ್ಮನಿರು' ಎಂದು ಕೆಲವರು ಅದಕ್ಕೆ ಅಪ್ಪಣೆ ಮಾಡುವರು. ಇದು ಜಾಣತನವಾಗಿ ತೋರುವದು. ಆದರೆ ಯಂತ್ರವೇ ನಿಂತುಹೋದರೆ ತಿಳಿಸುವವರಾರು? ಆರೋಗ್ಯವಂತನೂ ಸುಮ್ಮನಿರುವನು, ಸತ್ತವನೂ ಸುಮ್ಮನಿರುವನು.

ದೊಡ್ಡವರೂ ಈ ಮೌನದಿಂದ ಮೋಸಹೋಗಿದ್ದಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ಕೆಲಸಗಾರನೊಬ್ಬನ ಕೈತಪ್ಪಿನಿಂದ ಮುಖ್ಯ ದತ್ತಸಂಗ್ರಹವು ಅಳಿಸಿಹೋಯಿತು. ದಿನಾಲು ತೆಗೆದಿಡುತ್ತಿದ್ದ ಪ್ರತಿಗಳನ್ನು ಹುಡುಕಿದರೆ ಅವು ಇರಲೇ ಇಲ್ಲ. ಆ ಕೆಲಸವು ಸೋಲುತ್ತಿದ್ದುದನ್ನು ಯಂತ್ರವು ಇ-ಮೇಲಿನಿಂದ ತಿಳಿಸುತ್ತಿತ್ತು. ಆದರೆ ಅದರ ಪತ್ರಗಳಿಗೆ ತಕ್ಕ ಸಹಿಯ ಗುರುತಿಲ್ಲವೆಂದು ಅವು ತಿರಸ್ಕೃತವಾಗುತ್ತಿದ್ದವು. ಬೇರೊಂದು ಉದ್ದೇಶಕ್ಕಾಗಿ ಸುಮಾರು ಆರು ತಾಸು ಮೊದಲು ತೆಗೆದ ಪ್ರತಿಯೊಂದು ದೊರೆತುದರಿಂದ ಹಾನಿಯು ಅಷ್ಟಕ್ಕೇ ನಿಂತಿತು. ದೂತನು ಬಾಗಿಲಲ್ಲಿಯೇ ತಡೆಯಲ್ಪಟ್ಟಿದ್ದನು. ಒಳಗಿನವರು ಅದನ್ನು ಕ್ಷೇಮವೆಂದು ತಿಳಿದಿದ್ದರು.

ಹಾಗಾದರೆ ನಿತ್ಯವೂ ಮಾತಾಡುವ ಯಂತ್ರವೇ ಲೇಸೆನ್ನಬೇಕೆ? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲಿ ನಿಲ್ಲಿಸಿದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ತಾವೇ ಲೆಕ್ಕ ಕಳಿಸುವಂತೆ ರಚಿತವಾಗಿವೆ. ಮಳೆಯಿಲ್ಲದಾಗ ಬರುವ '0'ಗೂ ಏನೂ ಬಾರದಿರುವದಕ್ಕೂ ಅಜಗಜಾಂತರವುಂಟು. ಸೊನ್ನೆಯೆಂದರೆ ಮಾಪಕವು ಎಚ್ಚರವಾಗಿದ್ದು ಮಳೆಯನ್ನು ಕಂಡಿಲ್ಲವೆಂದರ್ಥ. ಮೌನಕ್ಕೆ ಯಾವ ಅರ್ಥವೂ ಇಲ್ಲ. ಹವಾಮಾನವನ್ನು ಆಧರಿಸಿದ ಬೆಳೆವಿಮೆಯಲ್ಲಿ ಪರಿಹಾರವು ಇಂಥ ಲೆಕ್ಕದ ಮೇಲೆಯೇ ನಿಲ್ಲುವದರಿಂದ, ಅಂಥ ವಿಮೆ ಮಾಡಿಸಿದ ಕುಂದಗೋಳದ ರೈತನಿಗೆ ಈ ಭೇದವು ಅನ್ನದ ಪ್ರಶ್ನೆಯಾಗುವದು. ಆದರೆ ಮಾಪಕದ ಆಲಿಕೆಗೆ ಎಲೆ ಕಸ ಕಟ್ಟಿಕೊಂಡರೆ, ಧಾರಾಕಾರವಾಗಿ ಸುರಿಯುತ್ತಿರುವಾಗಲೂ ಸೊನ್ನೆಯೇ ಬರುವದು! ಯಂತ್ರವು ಸುಳ್ಳಾಡಲಿಲ್ಲ, ತನಗೆ ಕಂಡಷ್ಟನ್ನೇ ಹೇಳಿತು.

ಮನೆಯ ಡಿಸ್ಕಿನ ಮಾತೂ ಇದೇ. ಗೂಗಲ್ ಕಂಪನಿಯ ಸಂಶೋಧಕರು ಒಂದು ಲಕ್ಷಕ್ಕೂ ಮೇಲ್ಪಟ್ಟ ಡಿಸ್ಕುಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಕೆಟ್ಟುಹೋದವುಗಳಲ್ಲಿ ನೂರಕ್ಕೆ 56ಕ್ಕೂ ಹೆಚ್ಚು ಡಿಸ್ಕುಗಳು ನಾಲ್ಕು ಮುಖ್ಯ ದೋಷಚಿಹ್ನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ತನ್ನ ಆರೋಗ್ಯಕ್ಕೆ ತಾನೇ ಸಾಕ್ಷಿಯಾದವನ ಮಾತು ಪ್ರಾಮಾಣಿಕವಾದರೂ ಪೂರ್ಣವಲ್ಲ.

ಯಂತ್ರವನ್ನು ಕಾಯಲು ಮನೆಯ ಹೊರಗೆ ಇನ್ನೊಂದು ಯಂತ್ರವನ್ನಿಟ್ಟು, ವೇಳೆಗೆ ವಾರ್ತೆ ಬಾರದಿದ್ದರೆ ಅದು ಕೂಗುವಂತೆ ಮಾಡಬಹುದು. ಇದು ಯೋಗ್ಯವಾದ ಉಪಾಯವೇ ಸರಿ. ಆದರೆ ಅದನ್ನು ಕಾಯುವವರು ಯಾರು? ಈ ಸರಪಳಿಯ ಕೊನೆಯ ಕೊಂಡಿಯು ಒಬ್ಬ ಮನುಷ್ಯನ ಕೈಯಲ್ಲಿ ಇರಲೇಬೇಕಾಗುತ್ತದೆ. ಆ ಮನುಷ್ಯನ ಸ್ವಭಾವವಾದರೂ ಎಂಥದು? ದಿನಾ ಸಾಯುವವರಿಗೆ ಅಳುವವರಾರೆಂಬ ಗಾದೆಯಂತೆ, ದಿನಾಲು ಕೂಗುವ ಯಂತ್ರಕ್ಕೆ ಅವನು ಕಿವಿಗೊಡುವದಿಲ್ಲ. ದಿನಾಲು ಕ್ಷೇಮವೆನ್ನುವ ಪತ್ರವನ್ನು ತೆರೆದೂ ನೋಡುವದಿಲ್ಲ.

ಇಲ್ಲಿ ಧರ್ಮದ ಪ್ರಶ್ನೆಯು ಏಳುತ್ತದೆ. ಅಜ್ಜಿಯ ಏಕಮಾತ್ರ ಛಾಯಾಚಿತ್ರವು ಆ ಡಿಸ್ಕಿನಲ್ಲಿದೆಯೆಂದರೆ ಅದು ಮನೆಯವರೆಲ್ಲರದು. ಆದರೆ ಅವರಿಗೆ ಯಂತ್ರದ ವಾರ್ತೆಯು ಬರುವದಿಲ್ಲ, ಬಂದರೂ ತಿಳಿಯುವದಿಲ್ಲ. 'ನಾನು ನೋಡಿಕೊಳ್ಳುತ್ತೇನೆ' ಎಂದವನ ಮಾತನ್ನು ನಂಬಿ ಅವರು ನಿಶ್ಚಿಂತರಾಗಿದ್ದಾರೆ. ಪರರ ನಿಶ್ಚಿಂತೆಯನ್ನು ಹೊತ್ತವನು ತಾನೂ ನಿಶ್ಚಿಂತನಾದರೆ ಅದು ನಂಬಿಕೆಗೆ ಮಾಡಿದ ದ್ರೋಹವೇ ಸರಿ. ಆದುದರಿಂದ ಅವನು ವಾರ್ತೆಯನ್ನು ಓದಿದರಷ್ಟೇ ಸಾಲದು. ತಿಂಗಳಿಗೊಮ್ಮೆಯಾದರೂ ಕಾಯ್ದಿಟ್ಟ ಪ್ರತಿಯೊಂದನ್ನು ಹೊರತೆಗೆದು, ಆ ಚಿತ್ರವು ಕಣ್ಣಿಗೆ ಕಾಣುವದೋ ಇಲ್ಲವೋ ಎಂದು ನೋಡಬೇಕು. ಹೇಳುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಕಾದಿರುವ ಕೆಲಸವನ್ನು ಒಪ್ಪಿಸಲು ಬಾರದು.