ಲೋವಿ ಅಜ್ಜಿಯ ನಂಬಿಕೆ

ಪ್ರಿಯರೇ, 2 ತಿಮೊಥೆಯ 1:5 ತೆಗೆಯಿರಿ. ತಿಮೊಥೆಯನ ನಂಬಿಕೆ ಎಲ್ಲಿಂದ ಬಂತು ಅಂತ ಹೇಳುವಾಗ ಪೌಲನು ದೊಡ್ಡ ಬೋಧಕರ ಹೆಸರು ಎತ್ತಲಿಲ್ಲ. ಅಜ್ಜಿ ಲೋವಿ, ತಾಯಿ ಯೂನೀಕೆ, ಅಷ್ಟೇ.

ನಾನು ಕೆಜಿಎಫ್ ಹುಡುಗ. 2001ರಲ್ಲಿ ಚಿನ್ನದ ಗಣಿ ಮುಚ್ಚಿದಾಗ ನಮ್ಮ ಮನೆಗೆ ಸಂಬಳ ನಿಂತಿತು. ಅಪ್ಪ ಕತ್ತಲಲ್ಲೇ ಬೆಂಗಳೂರಿನ ಟ್ರೈನ್ ಹತ್ತೋರು, ರಾತ್ರಿ ಬರೋರು. ಆಮೇಲೆ ಕುಟುಂಬ ಪ್ರಾರ್ಥನೆ, ಅದಾದ ಮೇಲೇ ಊಟ. ಸಾರು ನೀರಾಯ್ತು, ಅಮ್ಮನ ಸ್ತೋತ್ರ ನಿಲ್ಲಲಿಲ್ಲ. ದೇವರು ನಮ್ಮನ್ನು ಸಾಕುತ್ತಾನೆ ಅಂತ ನಾನು ಕಲಿತದ್ದು ಬೈಬಲ್ ಕಾಲೇಜಿನಲ್ಲಲ್ಲ, ಆ ಚಾಪೆಯ ಮೇಲೆ.

ಪಿಜಿಯಲ್ಲಿರುವ ತಮ್ಮಂದಿರೇ, ತಂಗಿಯರೇ, ಭಾನುವಾರದ ಆರಾಧನೆ ಬೇಕು. ಆದರೆ ಸೋಮವಾರ ರಾತ್ರಿ ನಿಮ್ಮ ರೂಮಿನಲ್ಲಿ ಯಾರು ಮೊಣಕಾಲೂರ್ತಾರೆ? ಊರಿಗೆ ಹಣ ಕಳಿಸ್ತೀರಿ, ಸಂತೋಷ. ಇವತ್ತು ಫೋನ್ ಮಾಡಿ ಅಮ್ಮನ ಜೊತೆ ಐದು ನಿಮಿಷ ಪ್ರಾರ್ಥಿಸಿ. ಆಮೆನ್.