ವಿದ್ಯೆಗೆ ಒಡೆತನವುಂಟೆ?

ಕೃತಿಸ್ವಾಮ್ಯ, ಪೇಟೆಂಟು ಮೊದಲಾದವುಗಳ ಕಾನೂನನ್ನು ವಿಶ್ವವಿದ್ಯಾನಿಲಯಗಳಲ್ಲಿ ಈಗ ಪ್ರತ್ಯೇಕ ಶಾಸ್ತ್ರವಾಗಿಯೇ ಬೋಧಿಸುತ್ತಾರೆ. ಅದನ್ನು ವ್ಯಾಸಂಗಮಾಡುವ ತರುಣನು ಮೊತ್ತಮೊದಲು ಎದುರಿಸಬೇಕಾದ ಪ್ರಶ್ನೆಯಾದರೋ ಧರ್ಮಕ್ಕೆ ಸಂಬಂಧಪಟ್ಟುದು. ಒಬ್ಬನು ಉಳುವ ಹೊಲವು ಇನ್ನೊಬ್ಬನಿಗೆ ದೊರೆಯದು. ಪಾಠವನ್ನು ನೂರು ಜನರು ಕಲಿತರೂ ಗುರುವಿನಲ್ಲಿ ಅದು ಕಡಮೆಯಾಗದು. ಹಂಚಿದರೆ ಸವೆಯದ ವಸ್ತುವಿಗೆ ಬೇಲಿಯೇಕೆ?

ಈ ಪ್ರಶ್ನೆಯು ದೆಹಲಿಯಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇರಿತು. ದೆಹಲಿ ವಿಶ್ವವಿದ್ಯಾನಿಲಯದ ಆವರಣದಲ್ಲಿದ್ದ ಜೆರಾಕ್ಸ್ ಅಂಗಡಿಯೊಂದು, ಪಠ್ಯಕ್ರಮದಲ್ಲಿ ಸೂಚಿತವಾದ ಗ್ರಂಥಭಾಗಗಳನ್ನು ಪ್ರತಿಮಾಡಿ, ಒಟ್ಟುಗೂಡಿಸಿ, ವಿದ್ಯಾರ್ಥಿಗಳಿಗೆ ಅಲ್ಪಬೆಲೆಗೆ ಕೊಡುತ್ತಿದ್ದಿತು. ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಮೂರು ಪ್ರಕಾಶನ ಸಂಸ್ಥೆಗಳು 2012ರಲ್ಲಿ ದಾವೆ ಹೂಡಿದವು. ಆ ಪುಸ್ತಕಗಳನ್ನು ಬರೆದ ವಿದ್ವಾಂಸರಲ್ಲಿಯೇ ಹಲವರು ವಿದ್ಯಾರ್ಥಿಗಳ ಪಕ್ಷವನ್ನು ವಹಿಸಿದರು. 1957ರ ಕೃತಿಸ್ವಾಮ್ಯದ ಅಧಿನಿಯಮವೇ ಬೋಧನೆಗೋಸ್ಕರ ಪ್ರತಿಮಾಡುವುದಕ್ಕೆ ಎಡೆಗೊಟ್ಟಿದೆ, ಕೃತಿಸ್ವಾಮ್ಯವು ದೈವದತ್ತವಾದ ಹಕ್ಕಲ್ಲ ಎಂದು ಹೇಳಿ, ದೆಹಲಿಯ ಉಚ್ಚನ್ಯಾಯಾಲಯವು 2016ರ ಸೆಪ್ಟೆಂಬರಿನಲ್ಲಿ ದಾವೆಯನ್ನು ವಜಾಮಾಡಿತು. ಮೇಲ್ಮನವಿಯಲ್ಲಿ ಕೆಲವು ಅಂಶಗಳು ಮರುವಿಚಾರಣೆಗೆ ಬಂದವಾದರೂ, 2017ರಲ್ಲಿ ಪ್ರಕಾಶಕರು ತಾವಾಗಿಯೇ ದಾವೆಯನ್ನು ಹಿಂತೆಗೆದುಕೊಂಡರು.

ವಿಚಾರವು ಇಲ್ಲಿಗೇ ಮುಗಿಯಿತೆಂದರೆ ತಪ್ಪಾದೀತು. ವಿದ್ಯೆಯು ಸವೆಯದು, ನಿಜ. ಆದರೆ ಬರೆಯುವವನ ಆಯುಸ್ಸು ಸವೆಯುತ್ತದೆ. ದೀಪದ ಎಣ್ಣೆಗೂ ಮನೆಯ ಅಕ್ಕಿಗೂ ಬೆಲೆಯುಂಟು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿಗಳಾಗಿ ಬರೆಯಿಸಿ ದಾನಮಾಡಿದಳೆಂದು ಪ್ರಸಿದ್ಧಿಯಿದೆ. ಅದನ್ನು ಕಳ್ಳತನವೆಂದವರಿಲ್ಲ. ಕವಿಗೆ ರಾಷ್ಟ್ರಕೂಟರ ಅರಸನ ಆಶ್ರಯವಿದ್ದಿತು. ಬರೆಯಿಸುವ ವೆಚ್ಚವನ್ನು ದಾನಿಯೇ ವಹಿಸಿದಳು. ಆ ದಾನದ ಹಿಂದೆ ಯಾರ ಹೊಟ್ಟೆಯೂ ಹಸಿದಿರಲಿಲ್ಲ.

ಇದರಿಂದ ಒಂದು ವಿವೇಚನೆಯು ಸಿದ್ಧಿಸುತ್ತದೆ. ವೇತನವನ್ನು ಪಡೆದು ಗ್ರಂಥ ಬರೆಯುವ ಪ್ರಾಧ್ಯಾಪಕನಿಗೆ ತನ್ನ ಪುಟಗಳನ್ನು ಬಡ ವಿದ್ಯಾರ್ಥಿಯು ಪ್ರತಿಮಾಡಿಕೊಂಡರೆ ಕೀರ್ತಿಯಲ್ಲದೆ ನಷ್ಟವು ಹೆಚ್ಚಿಲ್ಲ. ಪುಸ್ತಕದ ಮಾರಾಟವನ್ನೇ ನಂಬಿದ ಕಾದಂಬರಿಕಾರನಿಗೆ ಅದೇ ಕಾರ್ಯವು ಕೂಲಿಯ ಅಪಹರಣವಾಗುತ್ತದೆ. ಕಾನೂನು ಇಬ್ಬರಿಗೂ ಒಂದೇ ಬೇಲಿಯನ್ನು ಹಾಕಿ, ಕರ್ತನು ತೀರಿದ ಮೇಲೆ 60 ವರ್ಷಗಳವರೆಗೆ ಅದನ್ನು ಕಾಯುತ್ತದೆ. ಅನಂತರ ಕೃತಿಯು ಸರ್ವರ ಸೊತ್ತಾಗುತ್ತದೆ. ಅವಧಿಯುಳ್ಳ ಈ ಒಡೆತನವು ಸಮಾಜವು ತನ್ನ ಹಿತಕ್ಕಾಗಿ ಕೊಟ್ಟ ಅನುಗ್ರಹವೆಂದೇ ತಿಳಿಯಬೇಕು.

ಆದುದರಿಂದ ಈ ಶಾಸ್ತ್ರವನ್ನೋದುವ ತರುಣನು ನಾಳೆ ವಕೀಲನಾಗಿ ಯಾರ ಪಕ್ಷವನ್ನು ಹಿಡಿದರೂ, ಅಧಿನಿಯಮದ ಪ್ರಕರಣವನ್ನು ತೆರೆಯುವುದಕ್ಕೆ ಮುಂಚೆ ಎರಡನ್ನು ಕೇಳಿಕೊಳ್ಳಲಿ: ಇದನ್ನು ಬರೆದವನ ಅನ್ನವನ್ನು ಯಾರು ನಡೆಸಿದರು? ಇದನ್ನು ಓದಲಾರದೆ ಬಾಗಿಲಲ್ಲಿ ನಿಂತವರು ಯಾರು? ಇವೆರಡಕ್ಕೂ ಉತ್ತರ ಹೇಳದೆ ಗೆದ್ದ ವಾದವು ನ್ಯಾಯಾಲಯದಲ್ಲಿ ನಿಂತರೂ ಧರ್ಮದ ಮುಂದೆ ನಿಲ್ಲಲಾರದು.